ಅನುಕರಣದಿಂದ ಅನುಕಲನಕ್ಕೆ

ವಿಲೋಮ ತ್ರಿಕೋನಮಿತಿಯ ಹೆಸರು ಕೇಳಿದೊಡನೆ ವಿದ್ಯಾರ್ಥಿಗಳ ಮುಖವೂ ವಿಲೋಮವಾಗುವುದುಂಟು. ಅಂಥ ಮುಖಗಳನ್ನು ಮತ್ತೆ ನೆಟ್ಟಗೆ ಮಾಡಿದ ಅಪರೂಪದ ಗಣಿತಾಧ್ಯಾಪಕರ ಸಾಲಿನಲ್ಲಿ, ಈ ತಿಂಗಳು ನಿವೃತ್ತರಾಗುತ್ತಿರುವ ‘ಟ್ಯಾನ್ ಮೇಷ್ಟ್ರು’ ಮೊದಲಿಗರು.

ಸೇವೆಗೆ ಸೇರಿದ ಹೊಸದರಲ್ಲಿ ಅವರ ಪಾಲಿಗೆ ಬಂದದ್ದು ಮೆಟ್ಟಿಲ ಕೆಳಗಿನ ಕೋಣೆ, ಕುಂಟುವ ಮೇಜು, ಯಾರಿಗೂ ಬೇಡವಾದ ಅನುಕಲನದ, ಅಂದರೆ ಇಂಟಿಗ್ರೇಶನ್ನಿನ, ಪಾಠ. ಮೇಜಿನ ಕಾಲಿಗೆ ಸೀಮೆಸುಣ್ಣದ ಖಾಲಿ ಡಬ್ಬಿ ಕೊಟ್ಟು ಕುಳಿತವರು ವಿಭಾಗದ ಮುಖ್ಯಸ್ಥರಾದ ಮೇಲೂ ಅಲ್ಲಿಂದ ಕದಲಲಿಲ್ಲ. ಬಸ್ಸು ತಪ್ಪಿ ತಡವಾಗಿ ಬಂದವರಿಗೆ ತಪ್ಪಿದ ಪಾಠವನ್ನು ಬಿಡುವಿನಲ್ಲಿ ಅಲ್ಲೇ ಮತ್ತೆ ಹೇಳಿಕೊಡುತ್ತಿದ್ದರು. ಕಚೇರಿಯ ಆದೇಶ ಕೆಲಸ ಹೆಚ್ಚಿಸುತ್ತದೆ, ಗಣಿತದ ಆದೇಶ ಕೆಲಸ ಇಳಿಸುತ್ತದೆ ಎಂಬುದು, ಕ್ಲಿಷ್ಟ ಪದದ ಜಾಗದಲ್ಲಿ ಸರಳ ಅಕ್ಷರವಿಡುವ ‘ಆದೇಶ’ ವಿಧಾನದ ಬಗ್ಗೆ ಅವರ ಮಾಮೂಲಿ ನಗೆಮಾತು.

ಇಂದು ಅದೇ ವಿಭಾಗದಲ್ಲಿ ಉಪನ್ಯಾಸಕಿಯಾಗಿರುವವರೊಬ್ಬರು ಅವರ ವಿದ್ಯಾರ್ಥಿನಿಯಾಗಿದ್ದಾಗ ತರಗತಿಗೆಲ್ಲ ‘ಗಿಳಿ’. ಪ್ರಾಂಶುಪಾಲರ ಕೆಮ್ಮಿನಿಂದ ಬಾಗಿಲಿನ ಕಿರುಗುಟ್ಟುವಿಕೆಯವರೆಗೆ ಏನನ್ನೂ ಅನುಕರಿಸಬಲ್ಲ ಆಕೆಗೆ ಅನುಕಲನ ಮಾತ್ರ ಒಲಿದಿರಲಿಲ್ಲ. ಕಿರುಪರೀಕ್ಷೆಗಳಲ್ಲಿ ನಪಾಸಾಗಿ, ಗಣಿತ ಬಿಟ್ಟೇಬಿಡುತ್ತೇನೆಂದು ಅಕ್ಕನಿಗೆ ಹೇಳಿಯೂ ಆಗಿತ್ತು; ವಿಷಯ ಬದಲಿಸಲು ಶನಿವಾರ ಕೊನೆಯ ದಿನ. ಹೋಗುವ ಮುಂಚೆ ಒಂದು ಆಟವಿರಲೆಂದು, ಮೇಷ್ಟ್ರು ಬರುವಷ್ಟರಲ್ಲಿ ಬೋರ್ಡಿನ ಮುಂದೆ ನಿಂತು, ಕನ್ನಡಕವನ್ನು ಮೂಗಿನ ತುದಿಗಿಳಿಸಿ, ಅನುಕಲನದ ಕೊನೆಗೆ ಸೇರಿಸಲೇಬೇಕಾದ ‘ಸಿ’ ಎಂಬ ಸ್ಥಿರಾಂಕವನ್ನು ನೆನಪಿಸುವ ಅವರದೇ ದನಿ ತೆಗೆದಳು: “ನೋಡ್ರಪ್ಪಾ, ಸಿ ಹಾಕದ ಉತ್ತರ ಸಿಹಿ ಇರಲ್ಲ.”

ತರಗತಿಯಲ್ಲೆದ್ದ ನಗು ತಟ್ಟನೆ ನಿಂತಿತು. ಬಾಗಿಲಲ್ಲಿದ್ದ ಮೇಷ್ಟ್ರು ಒಳಬಂದು ಕೊನೆಯ ಬೆಂಚಿನಲ್ಲಿ ಕುಳಿತು ಕೈಯೆತ್ತಿದರು. “ಒಂದು ಡೌಟು ಮೇಷ್ಟ್ರೇ. ಟ್ಯಾನ್ ಇನ್ವರ್ಸ್ ಎಕ್ಸ್, ಕೆಳಗೆ ಒಂದು ಪ್ಲಸ್ ಎಕ್ಸ್ ವರ್ಗ. ಅನುಕಲಿಸೋದು ಹೇಗೆ?”

ಓಡಲು ದಾರಿಯಿಲ್ಲದೆ ಗಿಳಿ ಅದೇ ದನಿಯಲ್ಲಿ ಮುಂದುವರಿದಳು. “ಟ್ಯಾನ್ ಇನ್ವರ್ಸ್ ಎಕ್ಸನ್ನ ಟಿ ಅನ್ನಿ. ಅದರ ಅವಕಲನ, ಅಂದ್ರೆ ಡೆರಿವೇಟಿವ್, ಎಲ್ಲಿದೆ ಹುಡುಕಿ, ಪಕ್ಕದಲ್ಲೇ ಕೂತಿರುತ್ತೆ.” ಹುಡುಕಿದರೆ ನಿಜಕ್ಕೂ ಕೂತಿತ್ತು! ಕೆಳಗಿದ್ದ ಒಂದು ಪ್ಲಸ್ ಎಕ್ಸ್ ವರ್ಗವೂ ಮೇಲಿನ ಡಿಎಕ್ಸೂ ಸೇರಿ ಡಿಟಿಯಾಗಿ, ಅಷ್ಟು ದೊಡ್ಡ ಲೆಕ್ಕ ಬರೀ ಟಿಯ ಅನುಕಲನವಾಗಿ ಕುಗ್ಗಿದ್ದು ಕಂಡು ಹೇಳಿಕೊಡುತ್ತಿದ್ದವಳೇ ಬೆರಗಾದಳು. ಟಿ ವರ್ಗ ಬೈ ಎರಡು, ಪ್ಲಸ್ ಸಿ ಎಂದು ಬರೆದು ಸೀಮೆಸುಣ್ಣ ಕೆಳಗಿಟ್ಟಳು.

“ಎಕ್ಸ್ ಕೇಳಿದ್ದಕ್ಕೆ ಟಿ ಉತ್ತರ ಕೊಟ್ರೆ ಹೇಗಮ್ಮಾ?” ಎಂದರು ಮೇಷ್ಟ್ರು. “ಕೆಲಸ ಮುಗೀತು, ಟಿಯನ್ನ ಮನೆಗೆ ಕಳಿಸು. ಜೊತೆಗೆ ನನ್ನ ಗಂಟಲನ್ನೂ ಕಳಿಸು. ಕೊನೇ ಸಾಲು ನಿನ್ನ ದನಿಯಲ್ಲೇ ಬರಲಿ.”

ಬಂದ ದನಿ ಸಣ್ಣದು. “ಟ್ಯಾನ್ ಇನ್ವರ್ಸ್ ಎಕ್ಸ್ ಇಡೀ ವರ್ಗ, ಬೈ ಎರಡು, ಪ್ಲಸ್ ಸಿ, ಸರ್.” ಮೇಷ್ಟ್ರು ಭೇಷ್ ಅನ್ನಲಿಲ್ಲ, ಎದ್ದು ಬಂದು ಸೈನ್ ಇನ್ವರ್ಸಿನ ಇನ್ನೊಂದು ಲೆಕ್ಕ ಬರೆದು, ಸೀಮೆಸುಣ್ಣವನ್ನು ಆಕೆಯ ಕೈಗೇ ಕೊಟ್ಟರು. ಶನಿವಾರ ಕಳೆಯಿತು, ಗಿಳಿ ಹಾರಲಿಲ್ಲ.

ಈಗ ಮೇಷ್ಟ್ರ ಪಾಠಗಳೆಲ್ಲ ಆ ಉಪನ್ಯಾಸಕಿಯ ಪಾಲಿಗೆ ಬಂದಿವೆ. ನಿವೃತ್ತಿಯ ನಂತರವೂ ಆಗಾಗ ತರಗತಿಗೆ ಬರಬೇಕೆಂದು ಆಕೆ ಕೇಳಿಕೊಂಡಾಗ ಮೇಷ್ಟ್ರು, ಪಾಠ ನೀನೇ ಮಾಡುವುದಾದರೆ ಬರುತ್ತೇನೆಂದು ಒಪ್ಪಿದ್ದಾರೆ. ಅವರ ಆಯುಷ್ಯದ ಅನುಕಲನಕ್ಕೆ ಮೇಲಿನ ಮಿತಿ ಯಾರೂ ಬರೆಯದಿರಲಿ. ಅವರ ಡೌಟುಗಳು ಎಂದೂ ಮುಗಿಯದಿರಲಿ.