ಗಂಜಿಯೊಳಗಿನ ಅರಿಶಿನ

ಬೆಟಗೇರಿಯ ದೇವವ್ವ ಹುಟ್ಟಿದಾಗಿನಿಂದ ಫುಟ್‌ಬಾಲ್ ಚೆಂಡನ್ನು ಕಾಲಿನಿಂದ ಮುಟ್ಟಿದವಳಲ್ಲ. ಆದರೂ ಜಪಾನಿನ ಮೂರನೆಯ ದರ್ಜೆಯ ಲೀಗಿನಲ್ಲಿ ಆಡುವ ಹಮಾಸೆ ಎಫ್‌ಸಿ ಎಂಬ ತಂಡ ಹೋದ ರವಿವಾರ ಎಷ್ಟು ಗೋಲಿನಿಂದ ಸೋತಿತು ಎಂಬುದು ಇಡೀ ಗದಗ ಜಿಲ್ಲೆಯಲ್ಲಿ ಯಾರಿಗಾದರೂ ಗೊತ್ತಿದ್ದರೆ ಅದು ಆಕೆಗೆ. ಎಷ್ಟರಿಂದ ಗೆದ್ದಿತು ಎಂದು ಹೇಳಿಲ್ಲ, ಗಮನಿಸಬೇಕು. ಆ ತಂಡಕ್ಕೂ ಗೆಲುವಿಗೂ ಎಣ್ಣೆ ಸೀಗೆಕಾಯಿ ಸಂಬಂಧ.

ದೇವವ್ವನ ತವರು ಲಕ್ಷ್ಮೇಶ್ವರದ ಹತ್ತಿರದ ಶಿಗ್ಲಿ. ನೇಕಾರರ ಮನೆಯಲ್ಲಿ ಮಗ್ಗದ ಕಂಬ ಹಿಡಿದೇ ಎದ್ದು ನಿಲ್ಲಲು ಕಲಿತವಳು. ತಾಯಿ ಸುಮಿತ್ರವ್ವ ಕುಣಿಮಗ್ಗದ ಗುಂಡಿಯಲ್ಲಿ ಕಾಲು ಇಳಿಬಿಟ್ಟು ಕುಳಿತರೆ ಊಟಕ್ಕೆ ಕರೆದರೂ ಏಳುತ್ತಿರಲಿಲ್ಲ. ಆ ತಾಯಿ ಮಗಳಿಗೆ ಉಪದೇಶ ಮಾಡಿದವಳೇ ಅಲ್ಲ. ಆದರೆ ಎರಡು ವಿಷಯದಲ್ಲಿ ಮಾತ್ರ ಬಲು ಕಟ್ಟುನಿಟ್ಟು. ಎಳೆ ಕಡಿದರೆ ಮುಚ್ಚಿಟ್ಟು ಮುಂದೆ ನೇಯಕೂಡದು, ಅಲ್ಲೇ ನಿಲ್ಲಿಸಿ ಗಂಟು ಹಾಕಬೇಕು. ಮತ್ತೆ, ಯಾವ ಅರಿವೆಯೂ ಅರಿಶಿನವಿಲ್ಲದೆ ಶುರುವಾಗಕೂಡದು. ಅರಿಶಿನದ ನೀರಿನಲ್ಲಿ ಅದ್ದಿದ ನೂಲು ಮೊದಲು ನಾಲ್ಕು ಸಲ ಅಡ್ಡ ಹಾಯಬೇಕು, ಉಳಿದ ಬಣ್ಣವೆಲ್ಲ ಆಮೇಲೆ.

"ಅರಿಷಿಣ ಇಲ್ಲದ ಅರಿವಿ ಹೆಣಕ್ಕ ಹೊಚ್ಚೋದು," ಎನ್ನುತ್ತಿದ್ದಳು ಸುಮಿತ್ರವ್ವ. ಮಗಳು ಅದನ್ನು ಪ್ರಶ್ನಿಸಲಿಲ್ಲ, ಮರೆಯಲೂ ಇಲ್ಲ.

ಹದಿನೆಂಟಕ್ಕೆ ಮದುವೆಯಾಗಿ ಬೆಟಗೇರಿಗೆ ಬಂದಳು. ಆಗ ಆ ಓಣಿಯಲ್ಲಿ ಮೂವತ್ತೆರಡು ಕೈಮಗ್ಗ. ಈಗ ಒಂದು. ಉಳಿದ ಮನೆಗಳಲ್ಲಿ ವಿದ್ಯುತ್ ಮಗ್ಗಗಳು ಹಗಲಿಡೀ ಖಟಖಟ ಎನ್ನುತ್ತವೆ. ಗಂಡ ಅಂದಾನಪ್ಪ ಒಳ್ಳೆಯ ನೇಕಾರನೇ, ಆದರೆ ಹತ್ತು ವರ್ಷದ ಹಿಂದೆ ಆತನ ಬಲಭುಜ ಕೈಕೊಟ್ಟಿತು. ಅಂದಿನಿಂದ ಆತ ಕಟ್ಟೆಯ ಮೇಲೆ ಕುಳಿತು ಹೆಂಡತಿಯ ಲಾಳಿಗೆ ನೂಲಿನ ಕಂಡಿಕೆ ಸುತ್ತಿಕೊಡುತ್ತಾನೆ. ಭುಜಕ್ಕೆ ಬಂದ ನೋವು ಬಾಯಿಗೆ ಬಂದಿಲ್ಲವೆಂಬುದು ಓಣಿಗೆಲ್ಲ ಗೊತ್ತು.

"ಇನ್ನೂ ಕುಣ್ಯಾಗ ಕಾಲಿಟ್ಟೀಯೇನ ದೇವವ್ವಾ?" ಎಂದು ಯಾರಾದರೂ ಚುಡಾಯಿಸಿದರೆ, "ನಾ ಕುಣ್ಯಾಗ ಕಾಲಷ್ಟ ಇಟ್ಟೀನಿ, ನೀವು ಕೈಕಸಬನ್ನ ಹುಗದೀರಿ," ಎಂಬ ಉತ್ತರ ತಯಾರಿರುತ್ತಿತ್ತು. ಮಾತು ಖಾರವಾಗಿತ್ತು, ಮಗ್ಗಕ್ಕೆ ಮಾತ್ರ ಕೆಲಸ ಕಡಿಮೆಯಾಗುತ್ತ ಬಂದಿತ್ತು.

ಹೀಗಿರುವಾಗ ಒಂದು ಚಳಿಗಾಲದಲ್ಲಿ ಸ್ನೇಹಾ ಬಂದಳು. ಮುಂಡರಗಿಯ ಹುಡುಗಿ, ಗದಗದಲ್ಲಿ ನೇಕಾರ ಹೆಣ್ಣುಮಕ್ಕಳ ಸಂಘವೊಂದರಲ್ಲಿ ಕೆಲಸ, ದೇವವ್ವ ನೇಯ್ದ ಅರಿವೆಗಳ ಫೋಟೋ ತೆಗೆದು ಇಂಟರ್‌ನೆಟ್ಟಿಗೆ ಹಾಕುವವಳು ಆಕೆಯೇ. ಆ ಫೋಟೋ ನೋಡಿ ಜಪಾನಿನಿಂದ ಹಿರಾನೋ ಎಂಬುವರು ಬರೆದಿದ್ದರು. ಕಡಲ ದಂಡೆಯ ಒಂದು ಸಣ್ಣ ಊರಿನಲ್ಲಿ ಅವರದು ಮೀನಿನ ಅಂಗಡಿ. ಪಂದ್ಯದ ದಿನ ಅಂಗಡಿಗೆ ಬೀಗ, ಹಮಾಸೆ ತಂಡದ ಅಭಿಮಾನಿಗಳ ನಡುವೆ ನಿಂತು ದೊಡ್ಡ ಡೊಳ್ಳು ಬಾರಿಸುವುದೇ ಕೆಲಸ. ತಂಡಕ್ಕೆ ಇಪ್ಪತ್ತು ವರ್ಷ ತುಂಬುತ್ತದೆ, ಅಭಿಮಾನಿಗಳ ಕೊರಳಿಗೆ ಇನ್ನೂರನಲವತ್ತು ಮಫ್ಲರ್ ಬೇಕು, ಬೇಸಿಗೆಯಲ್ಲಿ ಉಣ್ಣೆಯ ಸೆಖೆ ತಡೆಯಲಾಗದು, ಕೈಯಲ್ಲಿ ನೇಯ್ದ ಹತ್ತಿಯದೇ ಆಗಬೇಕು. ಕಡುನೀಲಿ ಮೈ, ಉದ್ದಕ್ಕೆ ಒಂದು ಬಿಳಿ ಪಟ್ಟಿ. ಮೊದಲು ಹನ್ನೆರಡು ಮಾದರಿ ಕಳಿಸಬೇಕು.

ಒಂದೇ ಷರತ್ತು: ಹಳದಿ ಎಲ್ಲಿಯೂ ಇರಬಾರದು. ಹಳದಿಯೆಂದರೆ ಪಕ್ಕದೂರಿನ ತಂಡದ ಬಣ್ಣ. ಇಪ್ಪತ್ತು ವರ್ಷದ ಹಗೆ. ಆ ತಂಡದ ಮೇಲೆ ಆಟವಿದ್ದ ದಿನ ಹಮಾಸೆಯವರು ಬಾಳೆಹಣ್ಣನ್ನೂ ಮನೆಯಲ್ಲೇ ಸುಲಿದು ತರುತ್ತಾರಂತೆ. ಸ್ನೇಹಾ ಈ ಷರತ್ತನ್ನು ಎರಡು ಸಲ ಓದಿ ಹೇಳಿದಳು. ದೇವವ್ವ ಎರಡು ಸಲವೂ ತಲೆಯಾಡಿಸಿದಳು.

ಮಾದರಿ ಹೋದ ಇಪ್ಪತ್ತನೆಯ ದಿನ ಸ್ನೇಹಾ ಏದುಸಿರು ಬಿಡುತ್ತ ಬಂದು ಮೊಬೈಲ್ ಮುಂದೆ ಹಿಡಿದಳು. ಹಿರಾನೋ ಕಳಿಸಿದ ಫೋಟೋದಲ್ಲಿ ಮಫ್ಲರಿನ ಒಂದು ತುದಿಗೆ ಕೆಂಪು ಗೆರೆಯ ಸುತ್ತು ಹಾಕಿತ್ತು.

"ಕಾಕೂ, ಹಳದಿ ಬ್ಯಾಡ ಅಂತ ಎಷ್ಟ್ ಹೇಳಿದ್ದೆರೀ!"

"ಹಳದಿ ಎಲ್ಲಿ ಹಾಕೀನಿ?"

"ಇಲ್ನೋಡ್ರಿ, ಶುರುವಿಗೇ ನಾಲ್ಕು ಎಳಿ."

"ಅದು ಹಳದಿ ಅಲ್ಲ ತಂಗಿ. ಅದು ಅರಿಷಿಣ."

ಆಕೆ ವಾದಕ್ಕೆ ಹೇಳಿದ್ದಲ್ಲ. ನಲವತ್ತು ವರ್ಷ ನೇಯ್ದರೂ ಅದೊಂದು ಬಣ್ಣ ಎಂದು ಆಕೆಗೆ ಒಮ್ಮೆಯೂ ಅನ್ನಿಸಿರಲಿಲ್ಲ. ಹಣೆಯ ಕುಂಕುಮವನ್ನು ಯಾರಾದರೂ ಕೆಂಪು ಬಣ್ಣವೆಂದು ಲೆಕ್ಕಕ್ಕೆ ಹಿಡಿಯುತ್ತಾರೆಯೇ?

"ಆ ಎಳಿ ಬಿಟ್ಟು ನೇದ್ರ ಕೆಲಸ ನಮ್ಮದು, ಇಲ್ಲಂದ್ರ ಇಲ್ಲ," ಎಂದಳು ಸ್ನೇಹಾ.

"ಹಂಗಾದ್ರ ಇಲ್ಲ," ಎಂದಳು ದೇವವ್ವ.

ಎರಡು ದಿನ ಮಗ್ಗದ ಕಡೆ ತಲೆ ಹಾಕಲಿಲ್ಲ. ಅಂದಾನಪ್ಪ ತಡೆಯಲಾರದೆ ಕೇಳಿದ, "ಹೆಣದ ಅರಿವಿ ಅಂದ್ರ ಜಪಾನದವ್ರಿಗೆ ಏನ್ ಗೊತ್ತೈತಿ? ನೇದು ಕೊಟ್ಟಬಿಡು."

"ಅವ್ರಿಗೆ ಗೊತ್ತಿಲ್ಲ ಖರೆ. ನನಗ ಗೊತ್ತೈತಲ್ರೀ."

ಹಾಗೆಂದು ಆಕೆಗೆ ಆ ಕೆಲಸ ಬೇಡವಾಗಿತ್ತೆಂದಲ್ಲ. ಬೇಕಾಗಿತ್ತು, ಹೊಟ್ಟೆಯೊಳಗಿಂದ ಬೇಕಾಗಿತ್ತು. ತನ್ನ ಕೈಯಿಂದ ಒಂದೇ ಸಲಕ್ಕೆ ಇನ್ನೂರನಲವತ್ತು ಬೇಕೆಂದು ಯಾರಾದರೂ ಕೇಳಿ ಎಷ್ಟೋ ವರ್ಷಗಳಾಗಿದ್ದವು. ಇದು ಹೋದರೆ ಓಣಿಯವರ ಚುಡಾಯಿಸುವಿಕೆಗೆ ಇನ್ನು ಉತ್ತರ ಕೊಡುವ ಮುಖವೂ ಇರುವುದಿಲ್ಲವೆಂದು ಆಕೆಗೆ ಅನ್ನಿಸುತ್ತಿತ್ತು. ಇತ್ತ ತಾಯಿಯ ಮಾತು, ಅತ್ತ ಮಗ್ಗದ ಮಾನ.

ರವಿವಾರ ಮುಂಜಾನೆ ಹತ್ತೂವರೆಗೆ ಸ್ನೇಹಾ ಮತ್ತೆ ಬಂದು, "ಒಮ್ಮೆ ಅವ್ರ ಆಟನರ ನೋಡ್ರಿ," ಎಂದು ಮೊಬೈಲನ್ನು ಮಗ್ಗದ ಕಟ್ಟಿಗೆಗೆ ಒರಗಿಸಿಟ್ಟಳು. ನೀಲಿ ಅಂಗಿಯವರು ಓಡಿದರು, ಬಿದ್ದರು, ಮತ್ತೆ ಓಡಿದರು. ನಾಲ್ಕು ಗೋಲು ಬಿದ್ದವು, ನಾಲ್ಕೂ ಅವರ ಮೇಲೆಯೇ.

"ಇವ್ರು ಆಡಾಕತ್ತಾರೋ, ಎದುರಿನವ್ರಿಗೆ ದಾರಿ ತೋರಸಾಕತ್ತಾರೋ?" ಎಂದ ಅಂದಾನಪ್ಪ.

ದೇವವ್ವ ನಗಲಿಲ್ಲ. ಆಕೆಯ ಕಣ್ಣು ಆಟಗಾರರ ಮೇಲಿರಲಿಲ್ಲ. ಮೈದಾನದ ಒಂದು ತುದಿಯಲ್ಲಿ ಇನ್ನೂರು ಮಂದಿ ನಿಂತಿದ್ದರು, ನಡುವೆ ಬಿಳಿಗೂದಲಿನ ಹಿರಾನೋ, ಮುಂದೆ ಡೊಳ್ಳು. ಮೊದಲ ಗೋಲು ಬಿದ್ದಾಗ ಹೇಗೆ ಹಾಡುತ್ತಿದ್ದರೋ ನಾಲ್ಕನೆಯದು ಬಿದ್ದಾಗಲೂ ಹಾಗೆಯೇ ಹಾಡುತ್ತಿದ್ದರು. ಆಟ ಮುಗಿದು, ಸೋತವರು ಬಂದು ಅವರ ಮುಂದೆ ಸಾಲಾಗಿ ನಿಂತು ಬಾಗಿದಾಗಲೂ ಹಾಡು ನಿಂತಿರಲಿಲ್ಲ. ಯಾರೂ ಬೈಯಲಿಲ್ಲ, ಯಾರೂ ಎದ್ದು ಹೋಗಲಿಲ್ಲ.

"ಸೋತ್ರೂ ಹಾಡ್ತಾರಲ್ಲ!"

"ಇದು ಏಳನೇ ಸೋಲು, ಕಾಕೂ."

ದೇವವ್ವ ಮೊಬೈಲಿನತ್ತ ಇನ್ನಷ್ಟು ಬಾಗಿದಳು. ಈ ಮಂದಿ ಯಾರೋ, ಊರು ಯಾವುದೋ, ಆದರೆ ಇವರು ತನ್ನವರೇ ಎಂದು ಅನ್ನಿಸಿತು. ಇವರ ಹಟ ಆಕೆಗೆ ಪೂರ್ತಿ ಅರ್ಥವಾಯಿತು, ಹಳದಿಯ ಹಟವೂ ಸೇರಿ.

"ಇವ್ರ ಕೊರಳಿಗೆ ಹಳದಿ ಹಾಕಬಾರದು, ಆತು," ಎಂದಳು. "ಆದ್ರ ಇಂಥವ್ರ ಕೊರಳಿಗೆ ಹೆಣದ ಅರಿವೀನೂ ನಾ ಹಾಕಾಕಿ ಅಲ್ಲ."

ಉಪಾಯ ಹೊಳೆದದ್ದು ಮರುದಿನ ಒಲೆಯ ಮುಂದೆ. ನೂಲು ಗಟ್ಟಿಯಾಗಲೆಂದು ನೇಯುವ ಮೊದಲು ಅದಕ್ಕೆ ಗಂಜಿ ಹಾಕುತ್ತಾರೆ. ಗಂಜಿ ಕುದಿಯುತ್ತಿತ್ತು, ಅರಿಶಿನದ ಡಬ್ಬಿ ಕೈಗೆಟಕುವಷ್ಟು ಹತ್ತಿರದಲ್ಲಿತ್ತು. ದೇವವ್ವ ಒಂದು ಚಿಟಿಕೆ ತೆಗೆದು ಗಂಜಿಗೆ ಹಾಕಿ, ಕಡುನೀಲಿ ನೂಲಿನ ಒಂದು ಲಡಿಯನ್ನು ಅದರಲ್ಲಿ ಅದ್ದಿ ಬಿಸಿಲಿಗೆ ಹಿಡಿದಳು. ಒಣಗಿದ ಮೇಲೆ ನೀಲಿ ನೀಲಿಯೇ. ಬಿಳಿ ನೂಲಿಗೆ ಬೇರೆ ಗಂಜಿ ಮಾಡಿದರಾಯಿತು.

"ಅಬ್ಬಾ ಶಾಣ್ಯಾಕಿ!" ಎಂದ ಅಂದಾನಪ್ಪ. "ಇನ್ನ ಯಾರ ಮುಂದೂ ಬಾಯಿ ಬಿಡಬ್ಯಾಡ. ಸುಮ್ನ ನೇಯ್."

ದೇವವ್ವ ಹುಬ್ಬು ಗಂಟಿಕ್ಕಿದಳು. "ಕಡದ ಎಳಿ ಮುಚ್ಚಿಟ್ಟು ನೇದಾಕಿ ಅಲ್ಲ ನಾ. ಅವ್ರಿಗೆ ಹೇಳೇ ನೇಯಾಕಿ."

ಸ್ನೇಹಾ ಬೇಡವೆಂದು ಅಂಗಲಾಚಿದಳು. ಹೇಳಿದರೆ ಇದ್ದ ಒಂದಿಷ್ಟು ಆಸೆಗೂ ನೀರು ಬಿಟ್ಟಂತೆ. ದೇವವ್ವ ಜಗ್ಗಲಿಲ್ಲ. ತಾಯಿಯ ಮಾತು, ಅರಿಶಿನದ ಮಾತು, ಗಂಜಿಯ ಮಾತು ಎಲ್ಲವನ್ನೂ ಬರೆಸಿದಳು. ಕಣ್ಣಿಗೆ ಕಾಣುವುದಿಲ್ಲ, ಮೊದಲ ಸಲ ತೊಳೆದಾಗ ಹೋಗುತ್ತದೆ, ಅದೂ ಬೇಡವೆಂದರೆ ನಾನು ನೇಯುವುದಿಲ್ಲ, ನಮಸ್ಕಾರ. ಪತ್ರ ಹೋಯಿತು. ಒಂದು ದಿನ, ಎರಡು ದಿನ, ನಾಲ್ಕು ದಿನ ಉತ್ತರವಿಲ್ಲ. ಅಂದಾನಪ್ಪನೂ ಆ ನಾಲ್ಕು ದಿನ ಚೇಷ್ಟೆ ಮಾಡಲಿಲ್ಲ ಎಂದರೆ ಮನೆಯ ಸ್ಥಿತಿ ಊಹಿಸಿಕೊಳ್ಳಬಹುದು.

ಐದನೆಯ ದಿನ ಹಿರಾನೋ ಬರೆದರು. ಪತ್ರವನ್ನು ಎಲ್ಲರಿಗೂ ಓದಿ ಹೇಳಿದ್ದರಂತೆ, ಯಾರೂ ತಕರಾರು ಮಾಡಲಿಲ್ಲವಂತೆ. ಒಂದೇ ಪ್ರಶ್ನೆ: "ತೊಳೆದರೆ ಅರಿಶಿನ ಹೋಗುತ್ತದೆ ಎಂದಿದ್ದೀರಿ. ಹಾಗಾದರೆ ನಾವು ಯಾವಾಗ ತೊಳೆಯಬೇಕು?"

ದೇವವ್ವ ಬಹಳ ದಿನಗಳ ಮೇಲೆ ಬಾಯಿತುಂಬ ನಕ್ಕಳು. "ಗೆಲ್ಲೂತನಕ ತೊಳೀಬ್ಯಾಡ್ರಿ ಅಂತ ಬರಿ."

"ಆಗಲಿ," ಎಂದು ಉತ್ತರ ಬಂತು.

ಮೂರು ತಿಂಗಳು ನೇಯ್ದಳು. ಕರೆಂಟು ಹೋದಾಗ ಓಣಿಯೆಲ್ಲ ತಣ್ಣಗಾಗಿ ಆಕೆಯ ಲಾಳಿಯ ಸದ್ದೊಂದೇ ಉಳಿಯುತ್ತಿತ್ತು. ಆಗ ಪಕ್ಕದ ಮನೆಯವರು ಕಟ್ಟೆಗೆ ಬಂದು ಕುಳಿತು ನೋಡುತ್ತಿದ್ದರು. ಈ ಸಲ ಯಾರೂ ಕುಣಿಯ ಮಾತೆತ್ತಲಿಲ್ಲ. ಇನ್ನೂರನಲವತ್ತೂ ಮುಗಿದು ಪೆಟ್ಟಿಗೆ ಏರಿದ ದಿನ ದೇವವ್ವ ಓಣಿಯ ತುದಿಯವರೆಗೂ ನಡೆದು ಹೋಗಿ ಗಾಡಿಯನ್ನು ಕಳಿಸಿ ಬಂದಳು.

ಆಮೇಲೆ ಶುರುವಾಯಿತು ನೋಡಿ ಪಜೀತಿ. ಪ್ರತಿ ಪಂದ್ಯದ ಮರುದಿನ ಹಿರಾನೋ ತಪ್ಪದೆ ಬರೆಯುತ್ತಿದ್ದರು. "ಒಂದು–ಎರಡು, ಸೋಲು. ತೊಳೆದಿಲ್ಲ." "ಸೊನ್ನೆ–ಮೂರು, ಸೋಲು. ತೊಳೆದಿಲ್ಲ." ಒಮ್ಮೆ ಆಟ ಸಮನಾಯಿತು. ತೊಳೆಯಬಹುದೇ ಎಂದು ಅಭಿಮಾನಿಗಳು ಒಂದು ತಾಸು ಚರ್ಚಿಸಿ, ಬೇಡವೆಂದು ತೀರ್ಮಾನಿಸಿದರಂತೆ. ಜಪಾನಿನಲ್ಲಿ ಬೇಸಿಗೆ ಏರುತ್ತಿತ್ತು. ದೇವವ್ವನಿಗೆ ಸಂಕಟವಾಯಿತು.

"ಅಯ್ಯ, ನಾ ಚ್ಯಾಷ್ಟಿಗೆ ಅಂದದ್ದು! ಬೆವರಿನ ಅರಿವಿ, ತೊಳಕೊಳ್ರಿ ಅಂತ ಬರಿಯವಾ."

ಉತ್ತರ ಬಂತು: "ನಾವು ಮಾತು ಕೊಟ್ಟಿದ್ದೇವೆ. ನನ್ನ ಮಫ್ಲರನ್ನು ಹೆಂಡತಿ ಮನೆಯೊಳಗೆ ಬಿಡುತ್ತಿಲ್ಲ, ಅಂಗಡಿಯಲ್ಲಿ ಇಟ್ಟಿದ್ದೇನೆ."

"ಮೀನಿನ ಅಂಗಡ್ಯಾಗ!" ಎಂದ ಅಂದಾನಪ್ಪ. "ಇನ್ನ ಆ ವಾಸನಿಗೆ ಎದುರಿನ ತಂಡ ಓಡಿಹೋಗಿ ಇವ್ರು ಗೆಲ್ಲಬೇಕು ನೋಡು."

ಜುಲೈ ತಿಂಗಳ ಒಂದು ರವಿವಾರ ಸ್ನೇಹಾ ಡಂಬಳಕ್ಕೆ ಮದುವೆಗೆ ಹೋಗಿದ್ದರಿಂದ ಆಟ ನೋಡಲಾಗಲಿಲ್ಲ. ಸೋಮವಾರ ಮುಂಜಾನೆ ಆಕೆ ಒಳಬಂದು ಮೊಬೈಲನ್ನು ದೇವವ್ವನ ಕೈಗಿಟ್ಟಳು. ಒಂದು ಫೋಟೋ, ಅಷ್ಟೇ. ಎಷ್ಟು ಗೋಲು ಎಂದೂ ಬರೆದಿರಲಿಲ್ಲ. ಕಡಲ ದಂಡೆಯ ಮೇಲೆ ಗೂಟ ನೆಟ್ಟು ಹಗ್ಗ ಕಟ್ಟಿದ್ದರು. ಹಗ್ಗದ ತುಂಬ ಕಡುನೀಲಿ ಮಫ್ಲರುಗಳು, ಉದ್ದಕ್ಕೆ ಒಂದೊಂದು ಬಿಳಿ ಪಟ್ಟಿ, ಒಂದೊಂದರ ತುದಿಯಿಂದಲೂ ನೀರು ತೊಟ್ಟಿಕ್ಕುತ್ತಿತ್ತು.

"ತೊಳದಾರ," ಎಂದಳು ದೇವವ್ವ. ಅಂದಾನಪ್ಪ ಕಂಡಿಕೆ ಕೆಳಗಿಟ್ಟು ಟವೆಲ್ಲಿನಿಂದ ಮುಖ ಒರೆಸಿಕೊಂಡ, ಬಹಳ ಹೊತ್ತು ಒರೆಸಿಕೊಂಡ.

ನೇಕಾರಳ ಕಣ್ಣು ಸುಮ್ಮನಿರುತ್ತದೆಯೇ? ಹಗ್ಗ ಹನ್ನೆರಡು, ಒಂದೊಂದಕ್ಕೆ ಇಪ್ಪತ್ತು. ಕಡೆಯ ಹಗ್ಗದಲ್ಲಿ ಹತ್ತೊಂಬತ್ತೇ ಇದ್ದವು.

"ಒಂದು ಕಡಿಮಿ ಐತಲ್ಲವಾ."

ಸ್ನೇಹಾ ಬೆರಳಿನಿಂದ ಮುಂದಿನ ಫೋಟೋ ಸರಿಸಿದಳು. ಒದ್ದೆ ಕೈಯ ಹಿರಾನೋ ಕ್ಯಾಮೆರಾಕ್ಕೆ ಬಾಗಿ ವಂದಿಸುತ್ತಿದ್ದರು. ಕೊರಳಲ್ಲಿ ಮಾಸಿದ ಮಫ್ಲರ್. ಕೆಳಗೆ ಒಂದು ಸಾಲು: "ಇದನ್ನು ತೊಳೆದಿಲ್ಲ. ಮುಂದಿನ ರವಿವಾರವೂ ಆಟವಿದೆ."

ದೇವವ್ವ ಸೆರಗಿನಿಂದ ಮೊಬೈಲಿನ ಗಾಜನ್ನು ಒಮ್ಮೆ ಒರೆಸಿ ಗಂಡನ ಕಡೆ ತಿರುಗಿಸಿದಳು.

"ಮನಿಷ್ಯಾ ಶಾಣ್ಯಾ ಅದಾನ್ರಿ," ಎಂದಳು. "ಬೀಜಕ್ಕಂತ ಒಂದು ಇಟ್ಕೊಂಡಾನ."