ಸೂರ್ಯಕಾಂತಿಯ ಕಾಂಡ ಕೊಯ್ದ ಕೈ

ಸಸ್ಯಶಾಸ್ತ್ರ ಓದಿದ ಮಗಳಿಗೆ ಎರಡು ವರ್ಷವಾದರೂ ಕೆಲಸ ಸಿಕ್ಕಿರಲಿಲ್ಲ. "ಹುಲ್ಲು ಓದಿದ್ದಾಯ್ತು, ಇನ್ನು ಮೇಯೋದೊಂದೇ ಬಾಕಿ," ಎಂದು ಟೈಲರ್ ಅಪ್ಪ ಕತ್ತರಿ ಆಡಿಸುತ್ತಲೇ ಕುಟುಕುತ್ತಿದ್ದ.

ಅಂದು ಅವಳು ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸದ ಪರೀಕ್ಷೆಗೆ ಕೂತಳು. ರೋಗಿಯೊಬ್ಬರ ಮೈಯಿಂದ ತೆಗೆದು ಮೇಣದಲ್ಲಿ ಹುದುಗಿಸಿಟ್ಟ ಗಡ್ಡೆಯ ಹಳೆಯ ಚೂರೊಂದನ್ನು ಯಂತ್ರದ ಅಲಗಿನಲ್ಲಿ ಈರುಳ್ಳಿಯ ಒಳಪೊರೆಗಿಂತ ತೆಳುವಾಗಿ ಕೊಯ್ಯಬೇಕಿತ್ತು. ಮುಂಚೆ ಬಂದ ಇಬ್ಬರದೂ ಚಿಂದಿಯಾಗಿತ್ತು. ಅವಳು ಉಸಿರು ಬಿಗಿಹಿಡಿದು ಕೊಯ್ದಳು. ಪೊರೆ ಇಡಿಯಾಗಿ ಬಂದು ನೀರಿನ ಮೇಲೆ ತೇಲಿತು.

"ಎಲ್ಲಿ ಕಲಿತೆಯಮ್ಮಾ ಇದನ್ನ?" ಎಂದರು ಹಿರಿಯ ಡಾಕ್ಟರು.

"ಕಾಲೇಜಲ್ಲಿ ಸರ್. ಮೈಕ್ರೋಸ್ಕೋಪಲ್ಲಿ ನೋಡೋಕೆ ಅಂತ ಮೂರು ವರ್ಷ ಬ್ಲೇಡಲ್ಲಿ ಸೂರ್ಯಕಾಂತಿ ಕಾಂಡ ತೆಳ್ಳಗೆ ಕೊಯ್ದಿದ್ದೀನಿ."

"ಸೋಮವಾರದಿಂದ ಕೆಲಸಕ್ಕೆ ಬಂದುಬಿಡು."

ಸುದ್ದಿ ಕೇಳಿ ಅಪ್ಪ ಕತ್ತರಿ ಕೆಳಗಿಟ್ಟ. "ಅಂತೂ ನೀನೂ ಕತ್ತರಿಸೋ ಕೆಲಸಕ್ಕೇ ಬಂದೆ ಬಿಡು!"

ಅಪ್ಪನ ಮಾತು ಅವಳನ್ನು ಚುಚ್ಚದೇ ಹೋದದ್ದು ಇದೇ ಮೊದಲ ಸಲ.