ಅಪ್ಪ ಒಪ್ಪದ ಬಿಳಿ ಅಂಗಿ

ನನ್ನ ಅಕ್ಷರ ಓದಲು ಕಷ್ಟವಾದೀತು, ಮಾತುಗಳೂ ಕೆಲವು ಕಡೆ ತಪ್ಪಿರಬಹುದು, ಕ್ಷಮಿಸಬೇಕು. ಒಂಬತ್ತನೆಯ ತರಗತಿಗೆ ಶಾಲೆ ಬಿಟ್ಟವಳು ನಾನು, ಅದೂ ಮರಾಠಿ ಶಾಲೆ. ಪಕ್ಕದ ಖೋಲಿಯ, ಅಂದರೆ ಒಂದೇ ಕೋಣೆಯ ಮನೆಯ, ಮಹೇಶಕುಮಾರನ ಬಗ್ಗೆ ನಮ್ಮ ಚರ್ಚಿನ ಸಭೆಯ ಪತ್ರಿಕೆಗೆ ಬರೆಯಲು ಪಾಸ್ಟರ್ ಹೇಳಿದರು. ಬರೆದದ್ದನ್ನು ಅವನ ಮನೆಯವರಿಗೆಲ್ಲ ಓದಿ ತೋರಿಸಿದ್ದೇನೆ.

ಹುಮನಾಬಾದಿನಿಂದ ಪುಣೆಗೆ ಬಂದಾಗ ಮಹೇಶನಿಗೆ ಮೂರು ವರ್ಷ. ಅಪ್ಪ ಅಂಬಣ್ಣ ಗಾರೆ ಕೆಲಸಕ್ಕೆ ಹೋಗುತ್ತಿದ್ದ, ಸಂಜೆ ಕುಡಿದು ಬರುತ್ತಿದ್ದ. ಅವ್ವ ಅನುಸೂಯಾಳ ಎಡಗೈ ಮಣಿಕಟ್ಟು ಇಂದಿಗೂ ನೆಟ್ಟಗಿಲ್ಲ. ಅಂಬಣ್ಣ ಕುಡಿತ ಬಿಟ್ಟು ಈಗ ನಾಲ್ಕು ವರ್ಷ. ಪ್ರತಿ ವರ್ಷ ಸಭೆಯಲ್ಲಿ ಎದ್ದು ನಿಂತು ಸಾಕ್ಷಿ ಹೇಳುತ್ತಾನೆ: ನಾನು ಪಾಪಿಯಾಗಿದ್ದೆ, ಕರ್ತನು ನನ್ನನ್ನು ಬಿಡಿಸಿದನು. ಅಷ್ಟು ಹೇಳಿ ಕೂತುಬಿಡುತ್ತಾನೆ.

ಮಹೇಶ ಪುಣೆಯ ಭೋಸರಿಯ ಒಂದು ಕಾರ್ಖಾನೆಯಲ್ಲಿ ಡ್ರಿಲ್ಲಿಂಗ್ ಮಷಿನ್ ನಡೆಸುತ್ತಾನೆ. ಎರಡು ಸಾವಿರದ ಆರನೆಯ ಇಸವಿಯಲ್ಲಿ ಜೊತೆಯ ಕೆಲಸಗಾರನೊಬ್ಬ ಅವನಿಗೆ ಒಂದು ಸಿ.ಡಿ. ಕೊಟ್ಟ. ಅದರಲ್ಲಿ ಅಮೆರಿಕದ ಕ್ರೈಸ್ತ ಹುಡುಗರ ಹಿಪ್‌ಹಾಪ್ ಹಾಡುಗಳ ವಿಡಿಯೊಗಳಿದ್ದವು. ಇಂಗ್ಲಿಷು ಅಷ್ಟು ವೇಗವಾಗಿ ಅವನಿಗೆ ತಿಳಿಯುತ್ತಿರಲಿಲ್ಲ. ಹಾಗಾಗಿ ದನಿ ಪೂರ್ತಿ ತಗ್ಗಿಸಿ, ಬರೀ ಚಿತ್ರವನ್ನೇ ಮತ್ತೆ ಮತ್ತೆ ನೋಡಿದ. ಹಾಡುವವರು ಚರ್ಚಿನಲ್ಲಿ ನಿಂತಿರಲಿಲ್ಲ, ತಮ್ಮ ಓಣಿಯಲ್ಲೇ ನಿಂತಿದ್ದರು. ಮೊದಲು ಜೈಲು, ಜಗಳ, ಅಳುವ ತಾಯಿ. ಆಮೇಲೆ ಬಿಗಿಹಿಡಿದ ಮುಷ್ಟಿ ಮೆಲ್ಲಗೆ ಬಿಚ್ಚುತ್ತಿತ್ತು. ಮಾತಿಲ್ಲದೆಯೂ ಅದು ಸಾಕ್ಷಿಯೇ ಎಂದು ಅವನಿಗೆ ಹೊಳೆಯಿತು. ಅಪ್ಪ ಬಾಯಿಬಿಟ್ಟು ಹೇಳದ್ದನ್ನು ತಾನು ತೋರಿಸಬೇಕು ಅನ್ನಿಸಿತು.

ಹಾಡನ್ನು ನಮ್ಮ ಮಾತಿನಲ್ಲೇ ಕಟ್ಟಿದ:

ಕೈಯಾಗ ಬಾಟ್ಲಿ, ಮನಿಯಾಗ ಕತ್ತಲ,
ಬಾಗಲ ಬಡದವ್ನ್ಯಾರು, ತೆಗದವ್ನ್ಯಾರು?

ಗುರುವಾರ ಭೋಸರಿಯ ಕಾರ್ಖಾನೆಗಳಿಗೆ ರಜೆ, ರಸ್ತೆಗಳು ಖಾಲಿ. ಮದುವೆ ವಿಡಿಯೊ ತೆಗೆಯುವವನ ಕ್ಯಾಮೆರಾ ಕೇಳಿ ತಂದು, ಸ್ಟ್ಯಾಂಡಿನ ಮೇಲೆ ನಿಲ್ಲಿಸಿ, ನಾಲ್ಕು ಗುರುವಾರ ಚಿತ್ರ ತೆಗೆದ. ಅಪ್ಪನ ಹಳೆಯ ಅಂಗಿ ತೊಟ್ಟು ತಾನೇ ಕುಡುಕನಾದ. ಕೊನೆಗೆ ಬಿಳಿ ಅಂಗಿ ತೊಟ್ಟು, ಬೆನ್ನ ಹಿಂದೆ ಸೂರ್ಯ ಬರುವಂತೆ ನಡೆದುಬಂದ. ಆ ಒಂದು ಬೆಳಕಿಗಾಗಿಯೇ ಎರಡು ಗುರುವಾರ ಕಾದಿದ್ದ.

ಕ್ರಿಸ್‌ಮಸ್ ಕಾರ್ಯಕ್ರಮದಲ್ಲಿ ಅದನ್ನು ತೋರಿಸಲು ಪಾಸ್ಟರ್ ಒಪ್ಪಿದರು. ಆದರೆ ಅಂಬಣ್ಣ ಮೊದಲು ನೋಡಿ ಒಪ್ಪಬೇಕು ಎಂದರು. ಹಾಗಾಗಿ ಮಹೇಶ ಒಂದು ಮಧ್ಯಾಹ್ನ ಅಪ್ಪ ಅವ್ವರನ್ನು ಟಿ.ವಿ. ಮುಂದೆ ಕೂಡಿಸಿದ. ನನ್ನನ್ನೂ ಕರೆದಿದ್ದರು.

ಕುಡುಕ ತೂರಾಡುತ್ತ ಬರುವುದನ್ನು ನೋಡಿ ಅಂಬಣ್ಣ ಅಂದ, "ಬಾಟ್ಲಿ ಹಿಂಗ ಹಿಡೀತಿದ್ನೇನು ನಾನು?"

"ಇಲ್ರೀ, ನೀವು ಕೂಸಿನ್ಹಂಗ ಎದಿಗಿ ಒತ್ಕೊಂಡು ಬರ್ತಿದ್ರಿ," ಅಂದಳು ಅನುಸೂಯಾ.

ಬಿಳಿ ಅಂಗಿ ಬಂತು.

"ಇಂವ ಯಾರು?" ಅಂಬಣ್ಣ ಕೇಳಿದ.

"ನೀನೇ ಅಪ್ಪಾ. ಕರ್ತ ಮುಟ್ಟಿದ ಮ್ಯಾಲ."

"ಇಂವಗ ನಾ ನೋಡೇ ಇಲ್ಲ. ಇದು ತೋರಿಸಬ್ಯಾಡ."

ಮಹೇಶನ ಮುಖ ಬಾಡಿತು. "ಕುಡದದ್ದು ತೋರಿಸಿದ್ದಕ್ಕ ನಾಚಿಕಿ ಆಯ್ತೇನು?"

"ಅದು ಖರೆ ಅದ, ಓಣಿಗೇ ಗೊತ್ತದ. ಸುಳ್ಳು ಅಂದ್ರ ಈ ಅಂಗಿ. ಪ್ರಾರ್ಥನಿ ಮಾಡ್ಸಿಕೊಂಡ ಮರುದಿನಾನೇ ನಾ ಕುಡದು ಬಂದಿನಿ. ಕೇಳು ನಿಮ್ಮವ್ವಗ."

ಅನುಸೂಯಾ ಸೆರಗು ಸರಿಮಾಡಿಕೊಂಡಳು. "ಆಮೇಲೂ ಆರು ಸಲ ಕುಡಿತಕ್ಕ ಬಿದ್ರು. ಆದ್ರ ಎದ್ದ ಮ್ಯಾಲ ತಾವೇ ನೀರು ಹೊಯ್ದು, ಕಾರಿದ್ದೆಲ್ಲ ತೊಳೀತಿದ್ರು. ಅದಕ್ಕೂ ಮೊದಲ ಆ ಕೆಲಸ ನಂದಿತ್ತು. ಇವರು ನೆಲ ತೊಳ್ಯಾಕ ಕುಂತ ದಿನ ನಾ ನಂಬಿದೆ, ದೇವರು ನಮ್ಮ ಮನಿಗಿ ಬಂದಾನ ಅಂತ."

"ಸಭ್ಯಾಗ ಕುಡಿಯೋ ಮಂದಿ ಕುಂತಿರ್ತಾರ," ಅಂದ ಅಂಬಣ್ಣ. "ಒಂದೇ ದಿನಕ್ಕ ಬಿಳಿ ಅಂಗಿ ನೋಡಿದ್ರ, ಇದು ನಮ್ಮ ಕೈಲೆ ಆಗಲ್ಲ ಅಂತ ಎದ್ದು ಹೋಗ್ತಾರ."

ಮಹೇಶ ಟಿ.ವಿ. ಆರಿಸಿದ. ಇಡೀ ವಿಡಿಯೊದಲ್ಲಿ ಅವನಿಗೆ ಅತಿ ಇಷ್ಟವಾಗಿದ್ದು ಆ ಬಿಳಿ ಅಂಗಿಯ ದೃಶ್ಯವೇ. ಸಿ.ಡಿ.ಯಲ್ಲಿ ಕಂಡಿದ್ದ ಬೆಳಕನ್ನೇ ತಾನು ಎರವಲು ತಂದಿದ್ದೆ, ಮನೆಯಲ್ಲಿ ನಡೆದದ್ದನ್ನು ಕೇಳಿಯೇ ಇರಲಿಲ್ಲ ಎಂದು ಆಮೇಲೆ ನನಗೆ ಹೇಳಿದ.

"ಹಂಗಾದ್ರ ಕೊನಿಗಿ ಏನು ತೋರಿಸ್ಲಿ?" ಅಂದ.

ಅಂಬಣ್ಣ ತನ್ನ ಅಂಗೈ ನೋಡಿಕೊಂಡ. "ನಾನೇ ನೆಲ ತೊಳೀತೀನಿ. ನನ್ನ ಮಾರಿ ಕಾಣ್ಲಿ. ನಿನ್ನ ನಾಟಕ ಬ್ಯಾಡ."

ಮಹೇಶ ಬಿಳಿ ಅಂಗಿಯ ಭಾಗವನ್ನು ತೆಗೆಸಿಹಾಕಿದ್ದಾನೆ. ಅಪ್ಪ ತೊಳೆಯುವಾಗ ಅವನು ಬಾಗಿಲಲ್ಲಿ ನಿಂತು ಹಾಡಬೇಕು, ಇಕ್ಕಟ್ಟಾದ ಖೋಲಿಯಲ್ಲಿ ಸ್ಟ್ಯಾಂಡ್ ನಿಲ್ಲದು, ಕ್ಯಾಮೆರಾ ಹಿಡಿಯಲು ಬೇರೆಯವರು ಬೇಕು. ಬರುವ ಗುರುವಾರ ಬೆಳಿಗ್ಗೆ ಎಂಟು ಗಂಟೆಗೆ ನಾನು ಅವರ ಖೋಲಿಗೆ ಹೋಗಿ ಕ್ಯಾಮೆರಾ ಹಿಡಿಯುತ್ತೇನೆ.